ಬುತ್ತಿ ಬಿಚ್ಚದ ಬಸ್ಸು

ಡಿಪೋದ ಕ್ಯಾಂಟೀನಿನಲ್ಲಿ, ಕೈ ತೊಳೆಯುವ ಬೇಸಿನ್ನಿನ ಮೇಲುಗಡೆ ಒಂದು ಕರಿಹಲಗೆ ಇತ್ತು. ‘ಬುತ್ತಿ ಬಿಚ್ಚದವರು’ ಎಂದು ಅದರ ತಲೆಯ ಮೇಲೆ ಬರೆದಿತ್ತು. ಕೆಳಗೆ ಡ್ರೈವರುಗಳ ಅಡ್ಡಹೆಸರುಗಳು, ಪ್ರತಿ ಹೆಸರಿನ ಮುಂದೆ ದಿನಗಳ ಸಂಖ್ಯೆ. ಎಲ್ಲರಿಗಿಂತ ಮೇಲೆ ಬೆಣ್ಣೆಗಾಲು, ನೂರ ನಲವತ್ತಮೂರು ದಿನ. ಅವನ ಕೆಳಗಿದ್ದ ಕಂಬ ತೊಂಬತ್ತು ದಾಟುವುದಕ್ಕೇ ಏದುಸಿರು ಬಿಡುತ್ತಿದ್ದ. ಈ ಕಂಬ ಹನ್ನೆರಡು ವರ್ಷದ ಹಿಂದೆ ದೀಪದ ಕಂಬಕ್ಕೆ ಬಸ್ಸು ತಾಗಿಸಿದ್ದು ಒಂದೇ ಒಂದು ಸಲ. ಆದರೆ ಡಿಪೋದವರ ಬಾಯಿಗೆ ಬಿದ್ದ ಹೆಸರು ಪಿಂಚಣಿ ಬರುವ ತನಕ ಬಿಡುವುದಿಲ್ಲ.

ಬುತ್ತಿ ಎಂದರೇನು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಪ್ಪತ್ತೇಳನೇ ನಂಬರಿನ ದಾರಿಯಲ್ಲಿ ಓಡುತ್ತಿದ್ದವು ಕರೆಂಟಿನ ಬಸ್ಸುಗಳು. ರಾತ್ರಿಯಿಡೀ ಚಾರ್ಜಿಗೆ ನಿಂತು ಬೆಳಗ್ಗೆ ಹೊರಡುತ್ತಿದ್ದವು. ಆದರೆ ಆ ದಾರಿ ಉದ್ದ, ಕೊನೆಗೆ ಗುಡ್ಡ ಬೇರೆ. ಬ್ಯಾಟರಿ ಒಂದನ್ನೇ ನೆಚ್ಚಿಕೊಂಡರೆ ಸಂಜೆಯ ಹೊತ್ತಿಗೆ ಬಸ್ಸು ನಡುದಾರಿಯಲ್ಲಿ ಕುಕ್ಕರಿಸೀತು ಎಂಬ ಹೆದರಿಕೆ. ಅದಕ್ಕೆಂದು ಚಾವಣಿಯ ಮೇಲೆ ಹೈಡ್ರೋಜನ್ ಸಿಲಿಂಡರುಗಳನ್ನೂ ಹಿಂಬದಿಯಲ್ಲಿ ಒಂದು ಪೆಟ್ಟಿಗೆಯನ್ನೂ ಕೂರಿಸಿದ್ದರು. ಬ್ಯಾಟರಿ ನೂರರಿಂದ ಇಳಿಯುತ್ತ ಇಳಿಯುತ್ತ ನಲವತ್ತಕ್ಕೆ ಬಂದರೆ ಆ ಪೆಟ್ಟಿಗೆ ತಾನಾಗಿ ಎದ್ದು, ಹೈಡ್ರೋಜನ್ ಎಳೆದುಕೊಂಡು, ಕರೆಂಟು ಮಾಡಿ ಬ್ಯಾಟರಿಗೆ ಕುಡಿಸುತ್ತಿತ್ತು. ಹೊಗೆಯಿಲ್ಲ, ಗದ್ದಲವಿಲ್ಲ. ಹಿಂದಿನ ಕೊಳವೆಯಿಂದ ತೊಟ್ಟು ತೊಟ್ಟು ನೀರು ಬೀಳುತ್ತಿತ್ತು, ಅಷ್ಟೇ. ಕಾಗದಪತ್ರಗಳಲ್ಲಿ ಆ ಪೆಟ್ಟಿಗೆಗೆ ಮಾರುದ್ದದ ಹೆಸರಿತ್ತು. ದಾರಿಯಲ್ಲಿ ಹಸಿವಾದರೆ ಇರಲಿ ಎಂದು ಕಟ್ಟಿಕೊಟ್ಟದ್ದು ತಾನೇ ಎಂದುಕೊಂಡು ಡ್ರೈವರುಗಳು ಅದನ್ನು ಬುತ್ತಿ ಎಂದು ಕರೆದರು.

ಈಗ, ಕಟ್ಟಿಕೊಟ್ಟ ಬುತ್ತಿಯನ್ನು ಬಿಚ್ಚದಿರುವುದು ಯಾವ ಜಾಣತನ ಎಂದು ಯಾರಾದರೂ ಕೇಳಬಹುದು. ಅದಕ್ಕೂ ಕಾರಣವಿತ್ತು. ಹೈಡ್ರೋಜನ್ ತುಂಬಿಸುವ ಪಂಪು ಡಿಪೋದ ಮೂಲೆಯಲ್ಲಿ ಒಂದೇ ಒಂದು. ಬಸ್ಸುಗಳು ಬಂದ ಮೊದಲ ಚಳಿಗಾಲದಲ್ಲಿ ಡ್ಯೂಟಿ ಮುಗಿದ ಮೇಲೂ ಡ್ರೈವರುಗಳು ಅಲ್ಲಿ ನಲವತ್ತು ನಲವತ್ತು ನಿಮಿಷ ಸಾಲು ನಿಲ್ಲಬೇಕಾಗಿತ್ತು. ಆಗ ಯಾರೋ ಕಂಡುಕೊಂಡರು: ಕಾಲು ಹಗುರವಾಗಿಟ್ಟು, ಸಿಗ್ನಲ್ ದೂರದಲ್ಲಿ ಕಾಣುವಾಗಲೇ ಪೆಡಲ್ ಬಿಟ್ಟು, ಇಳಿಜಾರಿನಲ್ಲಿ ಚಕ್ರದಿಂದಲೇ ಬ್ಯಾಟರಿಗೆ ಕರೆಂಟು ತುಂಬಿಸಿಕೊಂಡರೆ ಸಂಜೆಗೂ ನಲವತ್ತೆರಡೋ ನಲವತ್ಮೂರೋ ಉಳಿಯುತ್ತದೆ. ಪೆಟ್ಟಿಗೆ ಏಳುವುದೇ ಇಲ್ಲ, ಸಾಲು ನಿಲ್ಲುವುದೂ ಇಲ್ಲ, ನೆಟ್ಟಗೆ ಮನೆಗೆ. ಮೊದಲು ಬೇಗ ಮನೆ ಸೇರುವ ಉಪಾಯವಾಗಿದ್ದದ್ದು ಆಮೇಲೆ ಚಟವಾಯಿತು. ಕ್ಯಾಂಟೀನಿನವನು ಹಲಗೆ ತಂದು ತೂಗುಹಾಕಿದ ಮೇಲೆ ಮಾನದ ಪ್ರಶ್ನೆಯಾಯಿತು. ಮೇಲಿನವರು ಹೇಳಿರಲಿಲ್ಲ, ಕೇಳಿರಲಿಲ್ಲ. ತಮಗೆ ತಾವೇ ಮೂಗುದಾರ ಹಾಕಿಕೊಂಡು ಅದನ್ನೇ ಒಡವೆ ಎಂದುಕೊಂಡ ಜನ ಅವರು.

ಬೆಣ್ಣೆಗಾಲಿಗೆ ಮಾತ್ರ ಅದು ಕಲಿತ ವಿದ್ಯೆಯಲ್ಲ, ಹುಟ್ಟುಗುಣ. ಹುಟ್ಟುಗುಣ ಎನ್ನುವುದಕ್ಕಿಂತ ಅಕ್ಕನ ಗುಣ ಎನ್ನಬೇಕು. ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೆಂಟು. ಅವಳು ಮಾರುಕಟ್ಟೆಯ ಟೈಲರ್ ಅಂಗಡಿಯೊಂದರಲ್ಲಿ ಕಾಜಾ ಹೊಲಿಯುವ, ಗುಂಡಿ ಹಾಕುವ ಕೆಲಸ ಹಿಡಿದು ಅವನನ್ನು ಸಾಕಿದಳು. ಮದುವೆಯ ಮಾತು ಬಂದಾಗಲೆಲ್ಲ “ಇವನೊಬ್ಬ ಇದ್ದಾನಲ್ಲ, ಇನ್ನೊಬ್ಬನ್ನ ಸಾಕೋ ಶಕ್ತಿ ಇಲ್ಲ,” ಎಂದು ನಕ್ಕು ಕಳಿಸಿದಳು. ಅವಳ ಮನೆಯಲ್ಲಿ ಯಾವುದೂ ಪೋಲಾಗುತ್ತಿರಲಿಲ್ಲ. ಸವೆದ ಸೋಪಿನ ಚೂರು ಹೊಸ ಸೋಪಿನ ಬೆನ್ನೇರುತ್ತಿತ್ತು. ಒಂದು ಒಲೆಯಿಂದ ಇನ್ನೊಂದು ಒಲೆಗೆ ಕಾಗದದ ಸುರುಳಿಯಲ್ಲಿ ಬೆಂಕಿ ದಾಟುತ್ತಿತ್ತು, ಕಡ್ಡಿ ಗೀರುವುದು ದಿನಕ್ಕೆ ಒಂದೇ ಸಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಅವನು ಎಷ್ಟು ಸಲ ಕೇಳಿದ್ದನೆಂದರೆ, ಬಸ್ಸಿನ ಪೆಡಲ್ ಮೇಲೆ ಕಾಲಿಟ್ಟಾಗಲೂ ಅದು ಹಿತ್ತಲಿನಿಂದ ಕೂಗಿದ ಹಾಗೆ ಕೇಳಿಸುತ್ತಿತ್ತು.

ಇಪ್ಪತ್ತೇಳರ ಕೊನೆಯ ಸ್ಟಾಪು ಗುಡ್ಡದ ನೆತ್ತಿಯ ನೀರಿನ ಟ್ಯಾಂಕು. ಅಕ್ಕನ ಮನೆ ಇದ್ದದ್ದು ಅಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಮೊಣಕಾಲೆತ್ತರದ ಗೋಡೆ, ಅದರ ಮೇಲೆ ಡಬ್ಬಿಗಳಲ್ಲಿ ನಾಲ್ಕಾರು ಗಿಡ. ಇಪ್ಪತ್ತಾರು ವರ್ಷ ಕಾಜಾ ಹೊಲಿದು ಕೊಂಡ ಮನೆ. ಟ್ಯಾಂಕಿನ ಕೆಳಗೆ ಏಳು ತಿರುವು ಇಳಿದರೆ ಶಾಲೆಯ ಸ್ಟಾಪು. ಬಸ್ಸು ಬೇಡವೆಂದರೆ ಇನ್ನೂರ ಹನ್ನೆರಡು ಮೆಟ್ಟಿಲು. ಅಕ್ಕನ ಎರಡು ಮೊಣಕಾಲೂ ಹೋಗಿ ನಾಲ್ಕು ವರ್ಷವಾಗಿತ್ತು. ಹಿಂದಿನ ವರ್ಷ ಒಂದು ದಿನ ರಸ್ತೆಗೆ ಮರ ಬಿದ್ದು ಬಸ್ಸು ಬರದಿದ್ದಾಗ ಅವಳು ಮೆಟ್ಟಿಲಿಳಿದು ಹೋದಳು. ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. “ಇಳಿಯೋದಕ್ಕೆ ಒಂದೂವರೆ ಗಂಟೆ. ಹತ್ತೋದು ಬೇಡ, ಇಲ್ಲೇ ಮಾರುಕಟ್ಟೇಲಿ ಮಣ್ಣು ಮಾಡಿಬಿಡಿ ಅಂದೆ,” ಎಂದು ಅದನ್ನೂ ತಮಾಷೆ ಮಾಡಿದಳು.

ಬೆಳಗಿನ ಏಳು ಹತ್ತರ ಬಸ್ಸು ಬೆಣ್ಣೆಗಾಲಿನದು. ಟ್ಯಾಂಕಿನ ಬಳಿ ಅವನು ಬಟನ್ ಒತ್ತಿದರೆ ಬಸ್ಸು ಬುಸ್ಸೆಂದು ಉಸಿರು ಬಿಟ್ಟು, ಮೆಟ್ಟಿಲು ತಗ್ಗಲೆಂದು ಎಡಕ್ಕೆ ಬಾಗುತ್ತಿತ್ತು. ಅಕ್ಕ ಕಂಬಿ ಹಿಡಿದು, ಬಲಗಾಲಿಟ್ಟು, “ಸಾಕು ಬಿಡಪ್ಪ, ಇಷ್ಟೊಂದು ಮರ್ಯಾದೆ ಬೇಡ,” ಎಂದು ಬಸ್ಸಿಗೇ ಹೇಳಿ ಒಳಗೆ ಬರುತ್ತಿದ್ದಳು. ಅವನ ಹಿಂದಿನ ಮೊದಲ ಸೀಟು ಅವಳದ್ದು. ತೊಡೆಯ ಮೇಲೆ ಗುಂಡಿಗಳ ತಗಡಿನ ಡಬ್ಬಿ. ಸಂಜೆ ಐದೂ ನಲವತ್ತರ ಬಸ್ಸಿನಲ್ಲಿ ಅದೇ ಸೀಟು, ಅದೇ ಡಬ್ಬಿ. ಟ್ಯಾಂಕಿನ ಬಳಿ ಇಳಿದು ಬಸ್ಸಿನ ಹಿಂದಕ್ಕೆ ಹೋಗಿ ನೆಲ ನೋಡುತ್ತಿದ್ದಳು. ಬೇರೆಯವರ ಬಸ್ಸು ತಿರುಗಿಸಿಕೊಂಡ ಜಾಗದಲ್ಲಿ ಕೆಲವು ದಿನ ನೀರಿನ ಕಲೆ ಇರುತ್ತಿತ್ತು, ಇವನದರಲ್ಲಿ ಇಲ್ಲ. “ನಮ್ಮ ಹುಡುಗನ ಬಸ್ಸಿಗೆ ಒಳ್ಳೆ ಅಭ್ಯಾಸ,” ಎಂದು ಅಕ್ಕಪಕ್ಕದವರಿಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು. ನಮ್ಮ ಹುಡುಗನಿಗೆ ಆಗ ನಲವತ್ತೇಳು.

ಕೆಳಗೆ ನಮ್ಮ ಮನೆಗೇ ಬಂದುಬಿಡು ಎಂದು ಅವನು ಕರೆಯದೆ ಇರಲಿಲ್ಲ. ಅವನ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿಗೆ ನಿಲ್ಲುವವಳು, ಮಾತು ಕಡಿಮೆ. ಅವಳೂ ಎರಡು ಸಲ ಹೋಗಿ ಕರೆದು ಬಂದಿದ್ದಳು.

“ನಿನ್ನ ಹೆಂಡತಿ ಒಳ್ಳೆಯವಳು, ಅದಕ್ಕೇ ಬರಲ್ಲ,” ಎಂದಿದ್ದಳು ಅಕ್ಕ. “ಕೆಟ್ಟವಳಾಗಿದ್ರೆ ಜಗಳ ಆಡ್ಕೊಂಡಾದ್ರೂ ಇದ್ದುಬಿಡ್ತಿದ್ದೆ. ಒಳ್ಳೆಯವರ ಮನೇಲಿ ಬಾಯಿ ಮುಚ್ಕೊಂಡು ಕೂತಿರೋದು ನನ್ನ ಕೈಲಾಗಲ್ಲ. ನನ್ನ ಬಾಗಿಲಿನ ಚಿಲಕ ನಾನೇ ಹಾಕ್ಕೋಬೇಕು ಕಣೋ. ಅದೊಂದು ಇರಲಿ ನಂಗೆ.”

ನೂರ ನಲವತ್ತಮೂರನೇ ದಿನ ಕ್ಯಾಂಟೀನಿನಲ್ಲಿ ಹಲಗೆಯ ಪಕ್ಕ ಒಂದು ಕಾಗದ ಅಂಟಿಸಿತ್ತು. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಇಪ್ಪತ್ತೇಳರ ಬಸ್ಸುಗಳಿಂದ ಹೈಡ್ರೋಜನ್ ಪೆಟ್ಟಿಗೆಗಳನ್ನು ಬಿಚ್ಚಿ ಬೇರೆ ಡಿಪೋಕ್ಕೆ ಕೊಡಲಾಗುವುದು. ಅಂದಿನಿಂದ ಇಪ್ಪತ್ತೇಳು ಶಾಲೆಯ ಸ್ಟಾಪಿನವರೆಗೆ ಮಾತ್ರ ಓಡುವುದು. ಎರಡೇ ವಾಕ್ಯ. ಬೆಣ್ಣೆಗಾಲು ಕೈ ತೊಳೆಯಲು ಹೋದವನು ನಲ್ಲಿ ಬಿಟ್ಟುಕೊಂಡೇ ನಿಂತ. ನೀರು ಹರಿದು ಹೋಗುತ್ತಿರುವುದನ್ನು ಕಂಬ ಬಂದು ನಿಲ್ಲಿಸಬೇಕಾಯಿತು.

ಮರುದಿನ ಅವನು ರಜೆ ಹಾಕಿ ದೊಡ್ಡ ಕಚೇರಿಗೆ ಹೋದ. ಮೂರನೇ ಮಹಡಿಯಲ್ಲಿ ಯೋಜನಾ ವಿಭಾಗದ ಮೇಡಂ. ಗದರುವವರಾಗಿದ್ದರೆ ಅವನಿಗೂ ಸುಲಭವಾಗುತ್ತಿತ್ತು, ಆದರೆ ಅವರು ಕುರ್ಚಿ ತೋರಿಸಿದರು, ನೀರು ಕೊಟ್ಟರು, ಕಂಪ್ಯೂಟರನ್ನೇ ಅವನ ಕಡೆ ತಿರುಗಿಸಿದರು. ಪರದೆಯ ಮೇಲೆ ಹಲವು ದಾರಿಗಳ ಗೆರೆಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ಅಡಿಯಲ್ಲಿ ಒಂದು ಹಸಿರು ಗೆರೆ ನೆಲಕ್ಕಂಟಿಕೊಂಡು ಮಲಗಿತ್ತು.

“ಇದು ಆರು ತಿಂಗಳಲ್ಲಿ ನಿಮ್ಮ ದಾರಿ ಉಪಯೋಗಿಸಿದ ಹೈಡ್ರೋಜನ್,” ಎಂದರು ಮೇಡಂ. “ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಆ ಕಡೆ ಡಿಪೋದಲ್ಲಿ ಪೆಟ್ಟಿಗೆ ಸಾಲದೆ ಬಸ್ಸುಗಳು ಅರ್ಧ ದಾರೀಲಿ ನಿಲ್ತಿವೆ. ಬೇಡದವರ ಹತ್ತಿರ ಇದೆ, ಬೇಕಾದವರ ಹತ್ತಿರ ಇಲ್ಲ. ನೀವೇ ಹೇಳಿ, ನಾನೇನು ಮಾಡಲಿ?”

“ಅದು ಬೇಡ ಅಂತಲ್ಲ ಮೇಡಂ. ನಾವೇ ಉಳಿಸ್ತಾ ಇದ್ವಿ.”

“ಯಾಕೆ?”

ಯಾಕೆ ಎಂದರೆ ಏನು ಹೇಳುವುದು? ಸಾಲು ನಿಲ್ಲಬೇಕಾಗಿತ್ತು ಎನ್ನುವುದೇ, ಕ್ಯಾಂಟೀನಿನ ಹಲಗೆ ಎನ್ನುವುದೇ, ಅಕ್ಕನ ಸೋಪಿನ ಚೂರು ಎನ್ನುವುದೇ?

“ಪೆಟ್ಟಿಗೆ ತಗೊಂಡು ಹೋಗಿ ಮೇಡಂ, ಬೇಡ ಅನ್ನಲ್ಲ. ಟ್ಯಾಂಕಿನ ತನಕ ಬಸ್ಸು ಬಿಡಿ ಸಾಕು. ಬ್ಯಾಟರೀಲೇ ಹೋಗಿ ಬರ್ತೀನಿ. ನೂರ ನಲವತ್ಮೂರು ದಿನ ಹೋಗಿ ಬಂದಿದ್ದೀನಲ್ಲ.”

“ಅದು ನನ್ನ ಕೈಲಿಲ್ಲ, ಮೇಲೆ ನಾಲ್ಕನೇ ಮಹಡಿಯ ಸುರಕ್ಷತಾ ವಿಭಾಗದ ನಿಯಮ. ಪೆಟ್ಟಿಗೆ ಇಲ್ಲದ ಬಸ್ಸು ಆ ಗುಡ್ಡ ಹತ್ತೋ ಹಾಗಿಲ್ಲ. ಭಾರೀ ಚಳಿ, ಬಸ್ಸಿನ ತುಂಬ ಜನ, ಸಾಧಾರಣ ಡ್ರೈವರು, ಇಷ್ಟನ್ನೂ ಹಿಡಿದು ಅವರು ಲೆಕ್ಕ ಹಾಕ್ತಾರೆ.”

“ನಾನು ನಲವತ್ತೆರಡು ಉಳಿಸಿ ತಂದುಕೊಡ್ತೀನಿ.”

“ನೀವು ತರ್ತೀರಿ,” ಎಂದರು ಮೇಡಂ, ನಿಜಕ್ಕೂ ನೊಂದುಕೊಂಡೇ. “ನಿಮ್ಮ ರಜೆ ದಿನ ಓಡಿಸೋರು? ನಿಯಮ ನಿಮ್ಮ ಕಾಲನ್ನ ನಂಬಲ್ಲ ಇವರೇ.”

ಅವನು ಮೆಟ್ಟಿಲಿಳಿಯುತ್ತ ಅದನ್ನು ಒಂದೊಂದಾಗಿ ಜೋಡಿಸಿ ನೋಡಿದ. ಪೆಟ್ಟಿಗೆ ಇಲ್ಲದೆಯೂ ಗುಡ್ಡ ಹತ್ತಬಹುದು ಎಂದು ತಾವು ತೋರಿಸಿದ್ದಕ್ಕೆ ಪೆಟ್ಟಿಗೆ ಹೋಗುತ್ತಿದೆ. ಪೆಟ್ಟಿಗೆ ಇಲ್ಲದೆ ಗುಡ್ಡ ಹತ್ತಬಾರದು ಎಂದು ಬಸ್ಸು ನಿಲ್ಲುತ್ತಿದೆ. ಮೂರನೇ ಮಹಡಿಯಲ್ಲಿ ಒಂದು ಸತ್ಯ, ನಾಲ್ಕನೆಯದರಲ್ಲಿ ಇನ್ನೊಂದು. ಎರಡರಲ್ಲೂ ತಪ್ಪು ಹುಡುಕುವ ಹಾಗಿಲ್ಲ. ಎರಡರ ನಡುವೆ ಅಕ್ಕನ ಮೊಣಕಾಲು ಸಿಕ್ಕಿಕೊಂಡಿತ್ತು.

ಸುದ್ದಿ ಕೇಳಿ ಕಂಬ ಚಹಾದ ಲೋಟವನ್ನು ಮೇಜಿನ ಮೇಲೆ ಕುಟ್ಟಿದ. “ಅಷ್ಟೇ ತಾನೆ? ನಾಳೆಯಿಂದ ಎಲ್ಲರೂ ಬುತ್ತಿ ಬಿಚ್ಚೋಣ. ತಿಂಗಳು ಮುಗಿಯೋಕೆ ಇನ್ನೂ ಹನ್ನೆರಡು ದಿನ ಇದೆ. ಹಸಿವು ಅಂದ್ರೆ ಏನು ಅಂತ ತೋರಿಸೋಣ ಅವರಿಗೆ.”

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ಆದರೆ ಉಳಿಸಿ ಉಳಿಸಿ ಅಭ್ಯಾಸವಾದವರಿಗೆ ಪೋಲು ಮಾಡುವುದು ಎಷ್ಟು ಕಷ್ಟವೆಂದು ಡಿಪೋಕ್ಕೆ ಆ ವಾರ ಗೊತ್ತಾಯಿತು. ಹೀಟರನ್ನು ತುದಿಗೆ ತಿರುಗಿಸಿ ಬಾಗಿಲು ತೆರೆದಿಟ್ಟುಕೊಂಡರು. ಸಿಗ್ನಲಿನ ಬುಡದ ತನಕ ಪೆಡಲ್ ತುಳಿದು ಗಕ್ಕನೆ ಬ್ರೇಕು ಹಾಕಿದರು. ಒಬ್ಬನಂತೂ ನಿಂತಲ್ಲೇ ವೈಪರು, ದೀಪ, ಫ್ಯಾನು ಎಲ್ಲ ಹಾಕಿ ಕುಳಿತ; ವೈಪರು ಬಿಸಿಲಿನಲ್ಲಿ ಒಣ ಗಾಜು ಒರೆಸುತ್ತಿರುವುದನ್ನು ಮಕ್ಕಳು ನಿಂತು ನೋಡಿದರು. ಪೆಟ್ಟಿಗೆಗಳು ಎದ್ದವು. ಪಂಪಿನ ಮುಂದೆ ಮತ್ತೆ ನಲವತ್ತು ನಿಮಿಷದ ಸಾಲು. ಯಾರೂ ಗೊಣಗಲಿಲ್ಲ. ಕ್ಯಾಂಟೀನಿನವನು ಹಲಗೆ ಒರೆಸಿ ಎಲ್ಲರ ಮುಂದೆ ಸೊನ್ನೆ ಬರೆದ. ಬೆಣ್ಣೆಗಾಲಿನ ನೂರ ನಲವತ್ಮೂರನ್ನು ಒರೆಸುವಾಗ ಮಾತ್ರ ಸ್ವಲ್ಪ ಹೊತ್ತು ಬಟ್ಟೆ ಹಿಡಿದು ನಿಂತಿದ್ದ.

ಐದನೆಯ ದಿನ ಸಂಜೆ ಗುಡ್ಡದ ಮೂರನೇ ತಿರುವಿನಲ್ಲಿ ಬೆಣ್ಣೆಗಾಲು ಪೆಡಲನ್ನು ನೆಲಕ್ಕೆ ಒತ್ತಿದ. ಬಸ್ಸು ಮುಂದಕ್ಕೆ ಹಾರಿತು. ಹಿಂದೆ ತಗಡು ಬಿದ್ದ ಸದ್ದು, ಆಮೇಲೆ ಗುಂಡಿಗಳು ಬಸ್ಸಿನ ನೆಲದ ಮೇಲೆಲ್ಲ ಹಿಂದಕ್ಕೆ ಉರುಳಿಕೊಂಡು ಹೋದ ಸದ್ದು. ಕನ್ನಡಿಯಲ್ಲಿ ನೋಡಿದರೆ ಅಕ್ಕ ಎರಡು ಕೈಯಲ್ಲೂ ಕಂಬಿ ಹಿಡಿದು, ಸೀಟಿನಿಂದ ಅರ್ಧ ಜಾರಿ, ತುಟಿ ಕಚ್ಚಿಕೊಂಡಿದ್ದಳು. ಅವಳ ಒಂದು ಮೊಣಕಾಲು ಪಕ್ಕದ ತಗಡಿಗೆ ಬಡಿದಿತ್ತು. ಟ್ಯಾಂಕಿನ ಬಳಿ ಎಲ್ಲರೂ ಇಳಿದ ಮೇಲೆ ಅವನು ಬಸ್ಸಿನ ನೆಲದ ಮೇಲೆ ತೆವಳಿಕೊಂಡು ಗುಂಡಿ ಆರಿಸುವಾಗ ಕೇಳಿದಳು:

“ನಿನ್ನ ಕಾಲಿಗೆ ಏನು ಬಂತೋ?”

ಅವನು ಸೀಟಿನ ಅಡಿಯಲ್ಲಿ ತಲೆ ಇಟ್ಟುಕೊಂಡೇ ಎಲ್ಲವನ್ನೂ ಹೇಳಿದ. ಮುಖ ಕಾಣದಿದ್ದದ್ದು ಒಳ್ಳೆಯದಾಯಿತು. ಹಲಗೆ, ಹಸಿರು ಗೆರೆ, ಮೂರನೇ ಮಹಡಿ, ನಾಲ್ಕನೇ ಮಹಡಿ. ಒಂದನೇ ತಾರೀಕಿನಿಂದ ಬಸ್ಸು ಇಲ್ಲಿಗೆ ಬರುವುದಿಲ್ಲ ಎನ್ನುವುದನ್ನು ಕೊನೆಗೆ ಹೇಳಿದ. ಹೇಳಿ ಮುಗಿಸಿ, ಕೈಯಲ್ಲಿದ್ದ ಗುಂಡಿಗಳನ್ನು ಡಬ್ಬಿಗೆ ಹಾಕಿದ. ಅಕ್ಕ ಅವುಗಳಲ್ಲಿ ಬಿಳಿಯದನ್ನೂ ಕರಿಯದನ್ನೂ ಬೇರೆ ಮಾಡಲು ತೊಡಗಿದಳು.

“ಅಂದ್ರೆ ನೀನು ಪೋಲು ಮಾಡಿದ್ದಿದ್ರೆ ಬಸ್ಸು ಉಳೀತಿತ್ತಾ?” ಎಂದು ಕೇಳಿದಳು.

“ಹೂಂ. ಬೇರೆ ದಾರಿಯವರಂಗೆ ಓಡಿಸಿದ್ದಿದ್ರೆ ಉಳೀತಿತ್ತು.”

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಅದು ಸೊಟ್ಟಗಾಗಿತ್ತು, ಕೂರಲಿಲ್ಲ. “ಪೋಲು ಮಾಡೋದನ್ನ ನಾನು ನಿಂಗೆ ಕಲಿಸಲೇ ಇಲ್ಲ,” ಎಂದಳು.

ಅವಳು ಅದನ್ನು ತಪ್ಪೊಪ್ಪಿಕೊಳ್ಳುವವಳ ಹಾಗೆ ಹೇಳಿದಳು. ಬಯ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಎರಡು ದಿನ ಕಳೆದು ಕ್ಯಾಂಟೀನಿಗೆ ಇನ್ನೊಂದು ಕಾಗದ ಬಂತು. ಇಪ್ಪತ್ತೇಳರ ಡ್ರೈವರುಗಳ ಚಾಲನೆಯಲ್ಲಿ ಅಸಹಜ ಏರುಪೇರು ಕಂಡುಬಂದಿದೆ, ಎಲ್ಲರೂ ಸರದಿಯ ಮೇಲೆ ತರಬೇತಿಗೆ ಬರತಕ್ಕದ್ದು. ಪೆಟ್ಟಿಗೆಗಳ ತೀರ್ಮಾನಕ್ಕೆ ಹಿಂದಿನ ಆರು ತಿಂಗಳ ಅಂಕಿಗಳನ್ನು ಮಾತ್ರ ಪರಿಗಣಿಸಲಾಗಿದೆ, ಈ ವಾರದ ಅಂಕಿಗಳನ್ನು ಕೈಬಿಡಲಾಗಿದೆ. ಕಂಬ ಅದನ್ನು ಎರಡು ಸಲ ಓದಿ, “ನಾವು ತಿಂದಿದ್ದು ಲೆಕ್ಕಕ್ಕಿಲ್ಲವಂತೆ, ಉಪವಾಸ ಇದ್ದದ್ದು ಮಾತ್ರ ಲೆಕ್ಕಕ್ಕಂತೆ,” ಎಂದು ನಗಲು ಹೋದ. ಯಾರೂ ಜೊತೆಗೂಡದ್ದರಿಂದ ಅರ್ಧಕ್ಕೇ ನಿಲ್ಲಿಸಿದ.

ಉಳಿದ ದಿನಗಳಲ್ಲಿ ಮಾಡಬಹುದಾದದ್ದನ್ನೆಲ್ಲ ಮಾಡಿದರು. ಗುಡ್ಡದ ಮೇಲಿನ ನಲವತ್ತು ಮನೆಯವರಿಂದ ಸಹಿ ಹಾಕಿಸಿ ಅರ್ಜಿ ಕೊಟ್ಟರು. ಅರ್ಜಿ ತಲುಪಿದೆ ಎಂದು ಉತ್ತರ ಬಂತು. ನಲವತ್ತರಲ್ಲಿ ಹೆಚ್ಚಿನವರಿಗೆ ಸ್ಕೂಟರಿತ್ತು, ಇಲ್ಲದವರಿಗೆ ಗಟ್ಟಿ ಕಾಲುಗಳಿದ್ದವು. ಬಾಡಿಗೆ ಗಾಡಿ ಆ ಕಡಿದಾದ ರಸ್ತೆಗೆ ದಿನಾ ಎರಡು ಸಲ ಬರುವುದೆಂದರೆ ಅಕ್ಕನ ದುಡಿಮೆ ಅದರ ಬಾಯಿಗೇ ಸಾಲದು. ಅವನ ಹತ್ತಿರ ಇದ್ದದ್ದು ಸೈಕಲ್ಲು. ಕೊನೆಗೆ ಹೆಂಡತಿ ಒಂದು ಭಾನುವಾರ ಕಿಟಕಿ ಪಕ್ಕದ ಮಂಚದ ಮೇಲಿದ್ದ ಮಗಳ ಪುಸ್ತಕಗಳನ್ನೆಲ್ಲ ಎತ್ತಿ ಬೀರುವಿನ ಮೇಲಿಟ್ಟಳು. ಒಗೆದ ಹೊದಿಕೆ ಹಾಸಿದಳು.

“ಅತ್ತಿಗೆಗೆ ಬೆಳಕು ಬೇಕಲ್ಲ, ಸೂಜಿ ಪೋಣಿಸೋಕೆ,” ಎಂದಳು, ಅಷ್ಟೇ.

ಮೊಣಕಾಲಿಗೆ ಪೆಟ್ಟಾದ ಮೇಲೆ ಬೆಣ್ಣೆಗಾಲು ಪೆಡಲ್ ಒತ್ತಿರಲಿಲ್ಲ. ಉಳಿದವರೂ ಬಿಟ್ಟಿದ್ದರು. ತಿಂಗಳ ಕೊನೆಯ ದಿನ ಐದೂ ನಲವತ್ತರ ಬಸ್ಸಿಗೆ ಅಕ್ಕ ಮಾರುಕಟ್ಟೆಯಲ್ಲಿ ಎಂದಿನಂತೆ ಹತ್ತಿದಳು. ಮುಚ್ಚಳ ಕೂರದ ಡಬ್ಬಿಗೆ ದಾರ ಸುತ್ತಿದ್ದಳು. ಶಾಲೆಯ ಸ್ಟಾಪು ದಾಟುವಾಗ ಪರದೆಯಲ್ಲಿ ನಲವತ್ನಾಲ್ಕು. ಆ ದಿನ ಚಳಿ ಹೆಚ್ಚು, ಜನರೂ ಹೆಚ್ಚು. ಐದನೇ ತಿರುವಿನಲ್ಲಿ ನಲವತ್ತೆರಡಾಯಿತು, ಏಳನೆಯದರ ಬುಡಕ್ಕೆ ಬಂದಾಗ ನಲವತ್ತೊಂದು. ಇನ್ನೊಂದೇ ಒಂದು ಅಂಕಿ. ಒಂದು ಸಲ ಜೋರಾಗಿ ತುಳಿದರೆ ಸಾಕು, ಹಿಂದೆ ಪೆಟ್ಟಿಗೆ ಗುಂಯ್ಗುಟ್ಟುತ್ತ ಏಳುತ್ತದೆ. ಈ ಗುಡ್ಡಕ್ಕೆ ಹೈಡ್ರೋಜನ್ ಬೇಕಾಗಿತ್ತು ಎಂದು ಕಡೆಯ ದಿನದ ಹಾಳೆಯಲ್ಲಾದರೂ ಇರುತ್ತದೆ. ಯಾರೂ ಓದುವುದಿಲ್ಲ, ಇರಲಿ. ಒತ್ತು ಎಂದು ಅವನು ಕಾಲಿಗೆ ಹೇಳಿದ. ಕನ್ನಡಿಯಲ್ಲಿ ಅಕ್ಕ ಡಬ್ಬಿಯನ್ನು ಎರಡು ಕೈಯಲ್ಲೂ ತಬ್ಬಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಕಾಲು ಒತ್ತಲಿಲ್ಲ. ಬಸ್ಸು ಮೆಲ್ಲಗೆ ತಿರುವು ಹತ್ತಿ, ನಲವತ್ತೊಂದರಲ್ಲೇ ಟ್ಯಾಂಕು ಮುಟ್ಟಿತು.

ಬಸ್ಸು ಬಾಗಿತು. ಅಕ್ಕ ಇಳಿದಳು, ಬಸ್ಸಿಗೆ ಏನೂ ಹೇಳಲಿಲ್ಲ.

“ಆರೂ ಐದಕ್ಕೆ ಹೊರಡ್ತೀನಿ ಅಕ್ಕ,” ಎಂದ ಅವನು ಕಿಟಕಿಯಿಂದ. “ಇದಾದ ಮೇಲೆ ಇನ್ನಿಲ್ಲ.”

“ಗೊತ್ತು. ಕೂಗಬೇಡ.”

ಅವಳು ಗೋಡೆ ಹಿಡಿದುಕೊಂಡು ಮನೆಯ ಕಡೆ ಹೋದಳು. ಅಲ್ಲಿಯವರೆಗೂ ಅವಳು ಅವನ ಮನೆಗೆ ಬರುತ್ತೇನೆ ಎಂದಿರಲಿಲ್ಲ, ಬರುವುದಿಲ್ಲ ಎಂದೂ ಅಂದಿರಲಿಲ್ಲ. ಆರಾಯಿತು. ಆರೂ ನಾಲ್ಕಾಯಿತು. ಹತ್ತಿದ್ದ ಇಬ್ಬರು ಗಡಿಯಾರ ನೋಡಿದರು. ಬರದಿದ್ದರೆ ಎಂದು ಯೋಚಿಸಿ ಅವನಿಗೆ ಕೈ ತಣ್ಣಗಾಯಿತು. ಬಂದರೆ ಎಂದು ಯೋಚಿಸಿದಾಗಲೂ ಬೆಚ್ಚಗಾಗಲಿಲ್ಲ. ಆರೂ ಆರಕ್ಕೆ ಅವಳು ಬಂದಳು. ಒಂದು ಕೈಚೀಲ, ಒಂದು ದಿಂಬು, ಹೊದಿಕೆಯಲ್ಲಿ ಕಟ್ಟಿದ ಒಂದು ಗಂಟು. ಹಿಂದೆ ಪಕ್ಕದ ಮನೆಯಾಕೆ ಒಂದು ಗಿಡದ ಡಬ್ಬಿ ಹಿಡಿದುಕೊಂಡಿದ್ದಳು. ಬಾಗಿಲಿಗೆ ಬೀಗ ಹಾಕಿದ್ದಾಯಿತೇ ಎಂದು ಅವನು ಕೇಳಲಿಲ್ಲ. ಬೀಗದ ಕೈ ಅವಳ ಕುತ್ತಿಗೆಯ ದಾರದಲ್ಲಿ ಕಾಣುತ್ತಿತ್ತು.

“ಎಲ್ಲ ಗಿಡ ತರೋಕಾಗಲ್ಲ, ಒಂದು ತಂದೆ. ಜಾಗ ಇದೆಯಾ ನಿಮ್ಮನೇಲಿ?” ಎಂದಳು.

ನಿಮ್ಮನೆ ಎಂದಳು. “ಇದೆ ಅಕ್ಕ, ಕಿಟಕಿ ಇದೆ,” ಎಂದ ಅವನು.

ಅವಳು ತನ್ನ ಸೀಟಿನಲ್ಲಿ ಕುಳಿತು ಗಿಡವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವನು ಪೆಡಲ್ ಬಿಟ್ಟ. ಇಳಿಜಾರು ತಾನಾಗಿ ಬಸ್ಸನ್ನು ಎಳೆದುಕೊಂಡಿತು, ಚಕ್ರಗಳು ಬ್ಯಾಟರಿಗೆ ತುಂಬತೊಡಗಿದವು. ನಲವತ್ತೆರಡು, ನಲವತ್ಮೂರು. ಒಂದೊಂದು ತಿರುವಿಗೂ ಸಂಖ್ಯೆ ಏರುತ್ತಿತ್ತು. ಇಷ್ಟು ದಿನ ಆ ಏರಿಕೆ ನೋಡಿದರೆ ಅವನಿಗೆ ಹಿಗ್ಗಾಗುತ್ತಿತ್ತು. ಈಗ ನೋಡಬಾರದೆಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಗಿಡದ ಒಂದು ಎಲೆಯೂ ಅಲುಗದ ಹಾಗೆ ಅವನು ಏಳು ತಿರುವನ್ನೂ ಇಳಿಸಿದ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅವನು ಎಂದೂ ಬಸ್ಸು ಓಡಿಸಿರಲಿಲ್ಲ.

ಅವನ ಬೀದಿಯ ಸ್ಟಾಪಿನಲ್ಲಿ ಹೆಂಡತಿ ಕಾಯುತ್ತಿದ್ದಳು. ಗಂಟು ಅವಳು ತೆಗೆದುಕೊಂಡಳು, ಗಿಡವನ್ನು ಅಕ್ಕ ಬಿಟ್ಟುಕೊಡಲಿಲ್ಲ. ಇಬ್ಬರೂ ನಿಧಾನವಾಗಿ ಬೀದಿಯೊಳಕ್ಕೆ ನಡೆದು ಹೋಗುವುದು ಕನ್ನಡಿಯಲ್ಲಿ ಕಾಣುತ್ತಿತ್ತು.

ಡಿಪೋದ ಗೇಟಿನಲ್ಲಿ ಪಟ್ಟಿ ಬರೆಯುವವನು ಕಿಟಕಿಯಿಂದ ಕೈ ಚಾಚಿದ. ಪಂಪಿನ ಮುಂದೆ ಯಾರೂ ಇರಲಿಲ್ಲ. ಅದಕ್ಕೆ ಆಗಲೇ ಹಗ್ಗ ಕಟ್ಟಿದ್ದರು.

“ಬ್ಯಾಟರಿ?”

“ನಲವತ್ತೇಳು.”

“ಬುತ್ತಿ?”

“ಬಿಚ್ಚಿಲ್ಲ.”

ಅವನು ಹಾಳೆಯಲ್ಲಿ ಸೊನ್ನೆ ಬರೆದ. “ಭೇಷ್,” ಎಂದ, ಪ್ರತಿ ಸಲ ಅನ್ನುವ ಹಾಗೆ, ತಲೆ ಎತ್ತದೆ.